ಐದನೆಯ ತಟ್ಟೆ

ಗುರುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ, ಹನ್ನೆರಡು ತಟ್ಟೆಗಳು ಇನ್‌ಕ್ಯುಬೇಟರಿನಿಂದ ಹೊರಬಂದಿವೆ, ಮೊದಲನೆಯದು ಬೆಳಕಿನ ಪೆಟ್ಟಿಗೆಯ ಮೇಲಿದೆ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ತಳದ ತುಂಬ ಕೆಂಪು — ರೋಸ್ವಿಟಾ ಕೆಮ್ನರಳ ಬೆರಳ ತುದಿಗಳೂ ಕೆಂಪೇ, ತೆಳ್ಳನೆಯ ಕೈಗವಸಿನೊಳಗಿಂದಲೂ ಕಾಣುತ್ತದೆ, ಅದು ಪ್ರಯೋಗಾಲಯದ ಬಣ್ಣವಲ್ಲ, ಚೆರ್ರಿಯದು, ನಿನ್ನೆ ಸಂಜೆ ಬಾಲ್ಕನಿಯಲ್ಲಿ ಗಂಡ ಎವಾಲ್ಟ್ ಜೊತೆ ಕೂತು ಹೇರ್‌ಪಿನ್ನಿನಿಂದ ಎರಡು ಕಿಲೋ ಚೆರ್ರಿಯ ಬೀಜ ತೆಗೆದದ್ದು, ನಿಂಬೆರಸ ಹಚ್ಚಿ ಉಜ್ಜಿದರೂ ಹೋಗಲಿಲ್ಲ, ನಾಳೆ ಕೆಲಸದ ಕೊನೆಯ ದಿನ, ಇಲ್ಲಿನ ರೂಢಿಯಂತೆ ಬಿಟ್ಟು ಹೋಗುವವರೇ ಕೇಕ್ ತಂದು ಉಳಿದವರಿಗೆ ಹಂಚಬೇಕು, ಮೂವತ್ತೈದು ವರ್ಷ ದುಡಿಸಿಕೊಂಡವರು ತಾನೇ ನಿಂಗೆ ಕೇಕ್ ಕೊಡಬೇಕು, ಇದ್ಯಾವ ನ್ಯಾಯ ಅಂದ ಎವಾಲ್ಟ್, ಅಂದವನೇ ನಾಲ್ಕು ಚೆರ್ರಿ ಬಾಯಿಗೆ ಹಾಕಿಕೊಂಡ — ಹನ್ನೆರಡು, ಹದಿಮೂರು, ಎಡಗೈಯ ಎಣಿಕೆ ಯಂತ್ರ ಕ್ಲಿಕ್ಕೆನ್ನುತ್ತದೆ, ಬಲಗೈಯ ಪೆನ್ನು ಎಣಿಸಿದ ತೂತಿನ ಮೇಲೆ ಚುಕ್ಕೆ ಇಡುತ್ತದೆ, ಬದುಕಿರುವ ಜೀವಕೋಶ ಕೆಂಪು ಬಣ್ಣ ಕುಡಿಯುತ್ತದೆ, ಸತ್ತದ್ದು ಕುಡಿಯುವುದಿಲ್ಲ, ಒಂದೇ ಒಂದು ವೈರಸ್ ಒಂದು ಕೋಶದೊಳಗೆ ಹೊಕ್ಕು, ಬೆಳೆದು, ಸುತ್ತಲಿನವನ್ನು ಕೊಂದರೆ ಕೆಂಪಿನ ನಡುವೆ ಸಾಸಿವೆಯಷ್ಟು ತಿಳಿ ತೂತು ಬೀಳುತ್ತದೆ, ಅದರೊಳಗಿಂದ ಬೆಳಕು ನೆಟ್ಟಗೆ ಕಣ್ಣಿಗೆ ಬರುತ್ತದೆ, ಅದನ್ನು ಎಣಿಸುವುದೇ ಅವಳ ಕೆಲಸ, ಎಣಿಸೋವಾಗ ಏನೂ ಬಯಸಬಾರದು ಫ್ರಾವ್ ಕೆಮ್ನರ್, ಬಯಸಿದರೆ ಕಣ್ಣು ನಿಮಗೆ ಬೇಕಾದ್ದನ್ನೇ ತೋರಿಸುತ್ತೆ, ಎಂದವರು ಫ್ರಾವ್ ಬಾಯರ್ಲೆ, ಅವಳಿಗೆ ಈ ಕೆಲಸ ಕಲಿಸಿದವರು, ಈಗ ಆರು ವರ್ಷದಿಂದ ಗುಡ್ಡದ ಮೇಲಿನ ಸ್ಮಶಾನದಲ್ಲಿರುವವರು — ತೊಂಬತ್ತಮೂರು, ತೊಂಬತ್ತನಾಲ್ಕು. ಬರೆ. ಮೊದಲನೆಯ ತಟ್ಟೆ, ತೊಂಬತ್ತನಾಲ್ಕು.

ಏನೂ ಬಯಸಬಾರದು, ಆದರೆ ಐದು ವಾರದಿಂದ ಬೇರೇನು ಮಾಡಿದ್ದಾಳೆ, ಟ್ರಾಮಿನಲ್ಲಿ, ಬ್ರೆಡ್ಡಿಗೆ ಬೆಣ್ಣೆ ಹಚ್ಚುವಾಗ, ಚೆರ್ರಿಯ ಬೀಜ ತೆಗೆಯುವಾಗ ಕೂಡ — ಟಿಲ್ಮನ್ ಹೇಳಿದ್ದು ನಿಜವಾಗಿರಲಿ, ಪೂರ್ತಿ ಅಲ್ಲದಿದ್ದರೂ ಅರ್ಧವಾದರೂ ನಿಜವಾಗಿರಲಿ, ನನ್ನ ತಪ್ಪಿನಿಂದ ಹುಟ್ಟಿದ ಸುಳ್ಳಾಗದಿರಲಿ. ಟಿಲ್ಮನ್ ಅಂದರೆ ಎತ್ತರದ, ಸದಾ ಸೈಕಲ್ ಹೆಲ್ಮೆಟ್ಟನ್ನು ಎಲ್ಲೋ ಮರೆತು ಬರುವ ಹುಡುಗ, ಹುಡುಗ ಎಂದರೆ ಅವನಿಗೆ ಸಿಟ್ಟು, ನಂಗೆ ಇಪ್ಪತ್ತೊಂಬತ್ತು ರೋಸಿ, ಡಾಕ್ಟರೇಟ್ ಮಾಡ್ತಾ ಇದೀನಿ, ಗಡ್ಡ ಕೂಡ ಇದೆ, ಗಡ್ಡ ಎಲ್ಲಿ, ಅದು ಬೆಳಿಗ್ಗೆ ತಿಂದ ತಿಂಡಿ ಅಂದುಕೊಂಡಿದ್ದೆ ಎಂದಿದ್ದಳು — ಎರಡನೆಯ ತಟ್ಟೆ, ಮೇಲಿನಿಂದ ಶುರು, ಎಡದಿಂದ ಬಲಕ್ಕೆ, ಒಂದು, ಎರಡು — ಅವನ ಪ್ರಬಂಧದ ನಾಲ್ಕನೆಯ ಅಧ್ಯಾಯ ನಿಂತಿರುವುದು ಒಂದು ಉಂಗುರದ ಮೇಲೆ, ಕೈಗೆ ಹಾಕುವ ಉಂಗುರವಲ್ಲ, ಪ್ರತಿ ಕೋಶದೊಳಗೂ ಇರುವ ಉಂಗುರದಾಕಾರದ ಪ್ರೋಟೀನು, ಕೋಶ ಎರಡಾಗುವ ಮುನ್ನ ತನ್ನ ಡಿಎನ್ಎಯ ನಕಲು ಮಾಡಿಕೊಳ್ಳುವಾಗ ಈ ಉಂಗುರ ದಾರದ ಮೇಲೆ ಜಾರುತ್ತಾ ನಕಲು ಮಾಡುವ ಯಂತ್ರವನ್ನು ಜಾರಿ ಬೀಳದಂತೆ ಹಿಡಿದಿರುತ್ತದೆ, ಈ ತಟ್ಟೆಗಳಲ್ಲಿರುವ ಪಾರ್ವೊ ವೈರಸ್ಸಿಗೂ ಅದೇ ಬೇಕು, ಏಕೆಂದರೆ ಅದರ ಹತ್ತಿರ ಸ್ವಂತದ್ದು ಏನೂ ಇಲ್ಲ, ಐದು ಸಾವಿರ ಡಿಎನ್ಎ ಅಕ್ಷರದ ಬಡವ, ಯಂತ್ರ ಇಲ್ಲ, ಉಂಗುರ ಇಲ್ಲ, ಕೋಶವನ್ನು ಎಬ್ಬಿಸುವ ಶಕ್ತಿಯೂ ಇಲ್ಲ, ಅವನು ಚಮಚ ಒಂದನ್ನೇ ಜೇಬಲ್ಲಿಟ್ಟುಕೊಂಡು ಬರೋ ಅತಿಥಿ ಫ್ರಾವ್ ಕೆಮ್ನರ್, ಅಡುಗೆಮನೇಲಿ ಕೂತು ಕಾಯ್ತಾನೆ, ಮನೆಯವರು ಒಲೆ ಹಚ್ಚಿದ್ರೆ ಉಣ್ತಾನೆ, ಮನೆಯವರು ಮಲಗಿದ್ರೆ ಇವನೂ ಉಪವಾಸ, ಹಾಗಂದಿದ್ದರು ಬಾಯರ್ಲೆ, ಆಗ ಇವಳಿಗೆ ಇಪ್ಪತ್ತೆಂಟು, ನಲವತ್ತು, ನಲವತ್ತೊಂದು, ಜಾಗ, ಊಟ ಇರುವವರೆಗೆ ಗೆಡ್ಡೆಯ ಕೋಶಗಳು ಮಲಗುವುದಿಲ್ಲ, ಅವುಗಳ ಒಲೆ ಆರುವುದಿಲ್ಲ, ಅದಕ್ಕೇ ಈ ವೈರಸ್ ಒಳ್ಳೆಯ ಕೋಶಗಳನ್ನು ಬಿಟ್ಟು ಅವುಗಳಲ್ಲೇ ಬೆಳೆಯುತ್ತದೆ, ಅದಕ್ಕೇ ಇಷ್ಟು ವರ್ಷ ಇಷ್ಟು ಜನ ಅದರ ಬೆನ್ನು ಹತ್ತಿದ್ದಾರೆ — ಎಂಬತ್ತೆಂಟು. ಎರಡನೆಯದು, ಎಂಬತ್ತೆಂಟು.

ಎರಡೂ ಹತ್ತಿರ ಹತ್ತಿರ, ಅದರಿಂದ ಏನೂ ತಿಳಿಯುವುದಿಲ್ಲ, ಎರಡೂ ಒಂದೇ ಬಗೆಯವಿರಬಹುದು, ಹನ್ನೆರಡರಲ್ಲಿ ಆರು ಮಾಮೂಲು ಗೆಡ್ಡೆಕೋಶಗಳಲ್ಲಿ ಬೆಳೆದ ವೈರಸ್ಸಿನವು, ಇನ್ನಾರು ಉಂಗುರವನ್ನು ಅರ್ಧಕ್ಕೆ ಇಳಿಸಿದ ಗೆಡ್ಡೆಕೋಶಗಳವು, ಹನ್ನೆರಡಕ್ಕೂ ಹಾಕಿದ ವೈರಸ್ ದ್ರಾವಣ ಒಂದೇ ಅಳತೆಯದು, ಯಾವುದು ಯಾವುದೆಂದು ಗೊತ್ತಿರುವುದು ಪಕ್ಕದ ಪ್ರಯೋಗಾಲಯದ ಮಾರ್ಲಿಸ್‌ಗೆ ಮಾತ್ರ, ಮುಚ್ಚಳದ ಮೇಲಿನ ಗುರುತು ಅಳಿಸಿ ಒಂದರಿಂದ ಹನ್ನೆರಡು ಎಂದು ಬರೆದು ಪಟ್ಟಿಯನ್ನು ಲಕೋಟೆಯೊಳಗೆ ಅಂಟಿಸಿಟ್ಟಿದ್ದಾಳೆ, ಲಂಚ ಕೊಟ್ರೂ ಹೇಳಲ್ಲ, ಕೇಕಿನ ದೊಡ್ಡ ತುಂಡು ಕೊಟ್ರೆ ಯೋಚಿಸ್ತೀನಿ ಎಂದಿದ್ದಾಳೆ — ಮೂರನೆಯದು, ನೂರಮೂರು. ನಾಲ್ಕನೆಯದು ಬೆಳಕಿನ ಮೇಲೆ ಬಂದ ಕ್ಷಣವೇ ಗೊತ್ತಾಗುತ್ತದೆ, ತುಂಬ ತೂತು, ಇದೂ ನೂರರ ಹತ್ತಿರ, ನಾಲ್ಕಕ್ಕೆ ನಾಲ್ಕೂ ಒಂದೇ ಆದರೆ ಉಂಗುರಕ್ಕೂ ವೈರಸ್ಸಿಗೂ ಸಂಬಂಧವೇ ಇಲ್ಲ, ನೂರಿಪ್ಪತ್ತು ಪಟ್ಟು ಎಂದು ಟಿಲ್ಮನ್ ಬರೆದದ್ದು, ಉಂಗುರ ಕಡಿಮೆಯಾದರೆ ವೈರಸ್ ನೂರಿಪ್ಪತ್ತು ಪಟ್ಟು ಕುಸಿಯುತ್ತದೆ ಎಂದು ಬರೆದದ್ದು, ಎಲ್ಲ ಅವಳ ಬಾಟಲಿಯೊಳಗೆ ಹುಟ್ಟಿದ ಕಥೆ — ಪೆಂಟೆಕೋಸ್ಟ್ ಹಬ್ಬದ ರಜೆ, ಸೋಮವಾರವೂ ರಜೆ, ಇಲ್ಲಿನ ಪದ್ಧತಿ ಎಂದರೆ ಸೋಮವಾರ, ಬುಧವಾರ, ಶುಕ್ರವಾರ ಬೆಳೆದ ಕೋಶಗಳನ್ನು ಪಾಲು ಮಾಡಿ ಹೊಸ ಬಾಟಲಿಗೆ ಹಾಕುವುದು, ಸೋಮವಾರ ರಜೆ ಬಂದರೆ ಶುಕ್ರವಾರವೇ ತೆಳುವಾಗಿ ಪಾಲು ಮಾಡುವುದು, ಹತ್ತರಲ್ಲೊಂದು ಭಾಗ ಮಾತ್ರ ಇಟ್ಟುಕೊಂಡು ಉಳಿದದ್ದು ಚೆಲ್ಲುವುದು, ಮಂಗಳವಾರದವರೆಗೆ ಜಾಗ ಸಾಲಲಿ ಎಂದು, ಮಾಮೂಲು ಕೋಶಗಳಿಗೆ ಹಾಗೇ ಮಾಡಿದಳು, ಉಂಗುರ ಕಡಿಮೆಯಾದವುಗಳ ಬಾಟಲಿ ಕೈಗೆ ಬಂದಾಗ ಕನಿಕರ ಬಂತು, ಇವು ನಿಧಾನ, ಸ್ವಲ್ಪ ಸೊರಗಿದವು, ತೀರ ಒಂಟಿಯಾದರೆ ಸಾಯುತ್ತವೆ, ಮೂರರಲ್ಲೊಂದು ಭಾಗ ಉಳಿಸಿದಳು, ಕನಿಕರವೇ ತಪ್ಪಾಯಿತು, ಅವು ಅವಳು ಅಂದುಕೊಂಡಷ್ಟು ನಿಧಾನವಿರಲಿಲ್ಲ, ಮಂಗಳವಾರ ಬಾಗಿಲು ತೆಗೆದರೆ ಬಾಟಲಿಯ ದ್ರಾವಣ ಗುಲಾಬಿ ಹೋಗಿ ಹಳದಿ, ಉಣ್ಣುವುದೆಲ್ಲ ಮುಗಿದು, ಕೋಶಗಳು ಭುಜಕ್ಕೆ ಭುಜ ತಾಗಿಸಿ ನಿಂತು, ಒಲೆ ಆರಿಸಿ ಮಲಗಿವೆ — ತುಂಬಿದ ಮನೇಲಿ ಯಾರೂ ಅಡುಗೆ ಮಾಡಲ್ಲ, ಬಾಯರ್ಲೆ ಇದನ್ನೂ ಹೇಳಿದ್ದರು, ಇದೇ ಮಾತು, ಇದೇ ಕೋಣೆ, ಆದರೂ ಅವಳು ದ್ರಾವಣ ಬದಲಿಸಿ, ಸರಿಹೋದೀತು ಅಂದುಕೊಂಡು, ಟಿಲ್ಮನ್ ಆತುರದಲ್ಲಿದ್ದ, ಕೊಟ್ಟುಬಿಟ್ಟಳು, ಅವನು ಅದೇ ಸಂಜೆ ವೈರಸ್ ಹಾಕಿದ, ಮಲಗಿದ ಮನೆಯಲ್ಲಿ ಅತಿಥಿ ಉಪವಾಸ ಕೂತ, ತಟ್ಟೆಗಳಲ್ಲಿ ತೂತೇ ಇಲ್ಲವೆನ್ನುವಷ್ಟು ಕಡಿಮೆ, ಟಿಲ್ಮನ್ ಕುಣಿದ, ನೋಡು ರೋಸಿ ನೋಡು, ಉಂಗುರ ಹೋಯ್ತು ವೈರಸ್ಸೂ ಹೋಯ್ತು — ತೊಂಬತ್ತೇಳು. ನಾಲ್ಕನೆಯದು.

ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದೇ ಸತ್ಯ, ಜೂನ್ ತಿಂಗಳಲ್ಲಿ ಕಪಾಟು ಖಾಲಿ ಮಾಡುತ್ತಿದ್ದಳು, ಮೂವತ್ತೈದು ವರ್ಷದ ನೋಟ್‌ಬುಕ್ಕುಗಳನ್ನು ಪೆಟ್ಟಿಗೆಗೆ ತುಂಬಿ ನೆಲಮಾಳಿಗೆಗೆ ಕಳಿಸಬೇಕು, ಅಲ್ಲಿ ಹತ್ತು ವರ್ಷ ಇದ್ದು ಆಮೇಲೆ ಚೂರುಚೂರಾಗುತ್ತವೆ, ಕೊನೆಯ ಪುಸ್ತಕವನ್ನು ಸುಮ್ಮನೆ ತಿರುವಿದಳು, ಪೆಂಟೆಕೋಸ್ಟ್ ನಂತರದ ಮಂಗಳವಾರ, ತನ್ನದೇ ಅಕ್ಷರ, ಉಂಗುರ ಕಡಿಮೆ ಬಾಟಲಿ, ಹಳದಿ, ದ್ರಾವಣ ಬದಲಿಸಿದೆ, ಅಷ್ಟೇ, ಒಂದು ಸಾಲು, ಅದನ್ನು ಓದಿ ಕಪಾಟಿನ ಮುಂದೆ ನೆಲದ ಮೇಲೇ ಕೂತಳು, ಮೂರು ಸಲ ಮಾಡಿದ ಪ್ರಯೋಗ ಎಂದು ಟಿಲ್ಮನ್ ಬರೆದಿದ್ದಾನೆ, ಮೂರೂ ಒಂದೇ ದಿನ, ಒಂದೇ ಬಾಟಲಿಯಿಂದ, ಮತ್ತೆ ಮಾಡಲು ಸಮಯವೇ ಇರಲಿಲ್ಲ, ಪುಸ್ತಕ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು, ಆರು ವಾರಕ್ಕೆ ಅವಳು ಮನೆಯಲ್ಲಿರುತ್ತಾಳೆ, ಅವನು ಡಾಕ್ಟರ್ ಆಗಿರುತ್ತಾನೆ — ಆದರೆ ಆಸ್ಪತ್ರೆಯ ಎದುರಿನ ಟ್ರಾಮ್ ನಿಲ್ದಾಣದಲ್ಲಿ ಆ ಹೆಂಗಸಿದ್ದಾಳಲ್ಲ, ವಾರಕ್ಕೆರಡು ಸಲ, ಬೇಸಗೆಯಲ್ಲೂ ಉಣ್ಣೆಯ ಟೊಪ್ಪಿ, ಟೊಪ್ಪಿಯ ಅಂಚಿನ ಕೆಳಗೆ ಹೊಲಿಗೆಯ ಗುರುತು, ಹೆಸರು ಗೊತ್ತಿಲ್ಲ, ಶುಭೋದಯ ಎನ್ನುತ್ತಾಳೆ, ನಾಳೆ ಯಾರೋ ಟಿಲ್ಮನ್ನನ ಪ್ರಬಂಧ ಓದಿ ಇವಳ ಗೆಡ್ಡೆಯ ಚೂರು ತೆಗೆದು ಉಂಗುರ ಅಳೆದು, ಕಡಿಮೆ ಇದೆ, ನೂರಿಪ್ಪತ್ತು ಪಟ್ಟು ವ್ಯತ್ಯಾಸ, ನಿಮಗೆ ಈ ವೈರಸ್ ಕೊಟ್ಟು ಪ್ರಯೋಜನವಿಲ್ಲ ಎಂದು ವಾಪಸ್ ಕಳಿಸಿದರೆ. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಎದ್ದಳು, ಮಂಡಿ ನೋಯುತ್ತಿತ್ತು, ಟಿಲ್ಮನ್ ಕಂಪ್ಯೂಟರಿನ ಮುಂದೆ ಮೊಸರಿನ ಡಬ್ಬಿಗೆ ಚಮಚ ಹಾಕಿ ಕೂತಿದ್ದ, ಟಿಲ್ಮನ್, ಒಂದು ಮಾತು, ಹೇಳು ರೋಸಿ, ಇದನ್ನ ಓದು, ಓದಿದ, ಮತ್ತೊಮ್ಮೆ ಓದಿದ, ಬೈದಿದ್ದರೆ ಸುಲಭವಾಗುತ್ತಿತ್ತು, ಪೂರ್ತಿ ಹಳದಿನಾ, ಪೂರ್ತಿ, ನಿಂಬೆಹಣ್ಣಿನ ಥರ, ಕೊನೆಗೆ ಅವನು ಮುಖ ಉಜ್ಜಿಕೊಂಡು, ಮೂವತ್ತೈದು ವರ್ಷಕ್ಕೆ ಒಂದು ತಪ್ಪು ಮಾಡಿದೀಯ, ನಾನು ವಾರಕ್ಕೆ ಮೂರು ಮಾಡ್ತೀನಿ, ನಾನೂ ಬಾಟಲಿ ನೋಡಿದ್ದೆ ರೋಸಿ, ಕೇಳಬೇಕಿತ್ತು, ಕೇಳಲಿಲ್ಲ, ಬಾ ಕಾಫಿ ಕುಡಿಯೋಣ, ಆಮೇಲೆ ಮೊದಲಿಂದ ಮಾಡೋಣ, ಮತ್ತೆ ಬಾಗಿಲ ಹತ್ತಿರ, ಬೆನ್ನು ಹಾಕಿಕೊಂಡೇ, ಥ್ಯಾಂಕ್ಸ್ — ಆ ಬೆನ್ನನ್ನು ಅವಳು ಮರೆಯುವುದಿಲ್ಲ, ಮುಖ ತೋರಿಸಲಾಗದೆಯೂ ಥ್ಯಾಂಕ್ಸ್ ಹೇಳಿದ ಬೆನ್ನು.

ಐದನೆಯದು. ಮುಚ್ಚಳ ತೆಗೆದು ಬೆಳಕಿನ ಮೇಲಿಟ್ಟಳು, ಕೆಂಪು, ಬರೀ ಕೆಂಪು, ಮೇಲಿನ ಅಂಚಿನಿಂದ ಎಡಕ್ಕೆ, ಬಲಕ್ಕೆ, ಇಲ್ಲ, ಇಲ್ಲ, ಎಣಿಕೆಯ ಯಂತ್ರ ಸುಮ್ಮನಿದೆ, ಹಾಗಾದರೆ ಮತ್ತೆ ಸೊನ್ನೆಯೇ, ಹಾಗಾದರೆ ಹಳದಿ ಬಾಟಲಿಯಿಂದ ಏನೂ ಕೆಡಲಿಲ್ಲವೇ, ನೂರಿಪ್ಪತ್ತೇ ಸರಿಯೇ, ಖುಷಿಪಡಬೇಕೋ ಎಂದು ತಿಳಿಯದೆ ಕಣ್ಣು ಕೆಳಗೆ ಜಾರುತ್ತದೆ, ಏನೂ ಬಯಸಬಾರದು ಫ್ರಾವ್ ಕೆಮ್ನರ್ — ಅಲ್ಲಿ, ಬಲ ಅಂಚಿನ ಹತ್ತಿರ, ಕೆಂಪಿನ ನಡುವೆ ಒಂದು ತೂತು, ಒಂದೇ, ದುಂಡಗೆ, ತಿಳಿಯಾಗಿ, ಬೆಳಕು ನೆಟ್ಟಗೆ ಮೇಲಕ್ಕೆ ಬರುತ್ತಿದೆ, ಗುಳ್ಳೆಯೇನೋ ಎಂದು ತಟ್ಟೆಯನ್ನು ಓರೆ ಮಾಡಿ ನೋಡಿದಳು, ಗುಳ್ಳೆಯಾದರೆ ಅಂಚು ಹೊಳೆಯುತ್ತದೆ, ಇದು ಹೊಳೆಯುವುದಿಲ್ಲ, ತೂತೇ, ಕ್ಲಿಕ್, ಒಂದು, ಅದರ ಕೆಳಗೆ ಇನ್ನೊಂದು, ಕ್ಲಿಕ್, ಮನೆಯವರು ಎದ್ದಿದ್ದಾರೆ, ಒಲೆ ಸಣ್ಣದು, ಆದರೆ ಉರಿಯುತ್ತಿದೆ, ಉಂಗುರ ಅರ್ಧವಾದರೂ ಅತಿಥಿ ಪೂರ್ತಿ ಉಪವಾಸ ಬೀಳಲಿಲ್ಲ, ಹಾಗೆಂದು ಹೊಟ್ಟೆ ತುಂಬಲೂ ಇಲ್ಲ, ಮೂರು, ನಾಲ್ಕು, ಒಂಬತ್ತು, ಹನ್ನೆರಡು. ಹನ್ನೆರಡು. ತೊಂಬತ್ತೇಳೂ ಅಲ್ಲ, ಸೊನ್ನೆಯೂ ಅಲ್ಲ. ಪೆನ್ನು ಕೆಳಗಿಟ್ಟು ಮತ್ತೆ ಮೊದಲಿನಿಂದ ಎಣಿಸಿದಳು, ಹನ್ನೆರಡು.

ಆಮೇಲೆ ಕೈ ತಾನೇ ಕೆಲಸ ಮಾಡಿತು, ಆರನೆಯದು ತೊಂಬತ್ತು, ಏಳನೆಯದು ಹದಿನಾಲ್ಕು, ಎಂಟನೆಯದು ಒಂಬತ್ತು, ಹೊರಗೆ ಆಸ್ಪತ್ರೆಯ ಸಿಬ್ಬಂದಿಯ ಸೈಕಲ್ಲುಗಳು ಬರತೊಡಗಿವೆ, ಬೆಲ್ಲಿನ ಸದ್ದು, ನೆಕ್ಕಾರ್ ನದಿಯ ಕಡೆಯಿಂದ ತಣ್ಣನೆಯ ಗಾಳಿ, ಯಾರಿಗೆ ಹೇಳಬೇಕು ಧನ್ಯವಾದ ಎಂಬುದೇ ಗೊಂದಲ, ಎಷ್ಟೊಂದು ಜನ — ಈ ಗೆಡ್ಡೆಕೋಶಗಳು ಯಾರವು, ಎಂಬತ್ತರ ದಶಕದಲ್ಲಿ ತಲೆಯ ಆಪರೇಷನ್ ಆದ ಒಬ್ಬ ಮನುಷ್ಯ, ಬಾಟಲಿಯ ಮೇಲೆ ಸಂಖ್ಯೆ ಮಾತ್ರ, ಅವನು ಆ ಚಳಿಗಾಲ ದಾಟಲಿಲ್ಲವೆಂದು ಬಾಯರ್ಲೆ ಒಮ್ಮೆ ಹೇಳಿದ್ದರು, ಅವನ ಕೋಶಗಳು ಮಾತ್ರ ಇವಳು ವಾರಕ್ಕೆ ಮೂರು ಸಲ ಉಣ್ಣಿಸಿದ್ದರಿಂದ ಇಂದಿಗೂ ಇವೆ, ಅಥವಾ ಅವನೇ ಇವಳಿಗೆ ಇಷ್ಟು ವರ್ಷ ಉಣ್ಣಿಸಿದನೋ, ಮನೆಯ ಬಾಡಿಗೆ, ಮಗಳ ಓದು, ಬಾಲ್ಕನಿಯ ಟೊಮೇಟೊ ಗಿಡ — ಹನ್ನೊಂದು, ಒಂಬತ್ತನೆಯ ತಟ್ಟೆ. ಮತ್ತೆ ಬಾಯರ್ಲೆ, ಹತ್ತೊಂಬತ್ತು ವರ್ಷ ಒಂದೇ ಮೇಜಿನಲ್ಲಿ ಕೂತರೂ ನೀವು, ಫ್ರಾವ್ ಕೆಮ್ನರ್, ಫ್ರಾವ್ ಬಾಯರ್ಲೆ, ಒಮ್ಮೆಯೂ ಹೆಸರು ಹಿಡಿದವರಲ್ಲ, ಮೊದಲ ವರ್ಷ ಇವಳು ತುಂಬಿದ ಬಾಟಲಿಯನ್ನೇ ಪ್ರಯೋಗಕ್ಕೆ ಕೊಟ್ಟಾಗ ಪ್ರೊಫೆಸರಿಗೆ ಹೇಳಲಿಲ್ಲ, ಇವಳಿಗೆ ಬೈಯಲಿಲ್ಲ, ಎರಡು ಬಾಟಲಿ ಮುಂದಿಟ್ಟು, ಇದು ತುಂಬಿದ್ದು, ಇದು ತೆಳುವಾದದ್ದು, ಎರಡಕ್ಕೂ ವೈರಸ್ ಹಾಕಿ, ವಾರ ಬಿಟ್ಟು ಬಂದು ನೀವೇ ಎಣಿಸಿ, ಅಷ್ಟೇ, ಎಣಿಸಿದಳು, ಒಂದರಲ್ಲಿ ನೂರು, ಇನ್ನೊಂದರಲ್ಲಿ ಏನೂ ಇಲ್ಲ, ತಲೆ ತಗ್ಗಿಸಿ ನಿಂತರೆ, ತಲೆ ತಗ್ಗಿಸಿದರೆ ತಟ್ಟೆ ಮೇಲೆ ನೆರಳು ಬೀಳುತ್ತೆ, ಎತ್ತಿ ಎಂದರು. ತಮ್ಮ ಕೊನೆಯ ದಿನ ಪ್ಲಮ್ ಹಣ್ಣಿನ ಕೇಕ್ ತಂದು ಎಲ್ಲರಿಗೂ ಹಂಚಿ, ಎಲ್ಲರೂ ಹೋದ ಮೇಲೆ ಸಣ್ಣ ಲೋಟದಲ್ಲಿ ವೈನ್ ಸುರಿದು, ಲೋಟಕ್ಕೆ ಲೋಟ ತಾಗಿಸಿ, ನನ್ನ ಹೆಸರು ಹಿಲ್ಡೆಗುಂಡ್, ಇನ್ನು ಮೇಲೆ ನೀನು ಅಂತ ಕರಿ ರೋಸ್ವಿಟಾ, ಇಲ್ಲಿ ಹಿರಿಯರೇ ಮೊದಲು ಕೊಡಬೇಕಾದ ಸಲುಗೆ ಅದು, ಕೊಟ್ಟರು, ಇವಳು ಹೂಂ ಎಂದಳು, ಆದರೆ ಆಮೇಲೆ ಹತ್ತು ವರ್ಷ ಪ್ರತಿ ಕ್ರಿಸ್‌ಮಸ್ಸಿಗೆ ಹೋದಾಗಲೂ ಫ್ರಾವ್ ಬಾಯರ್ಲೆ, ನೀವು ಹೇಗಿದ್ದೀರಿ, ನಾಲಿಗೆ ತಿರುಗಲೇ ಇಲ್ಲ, ಅವರು ನಗುತ್ತಿದ್ದರು, ನಿನ್ನನ್ನ ಏನು ಮಾಡೋದು ಹುಡುಗಿ ಎನ್ನುತ್ತಿದ್ದರು, ಹಿಲ್ಡೆಗುಂಡ್, ಬಾಯಿ ಅಲುಗಿಸಿ ನೋಡಿದಳು, ಕೋಣೆಯಲ್ಲಿ ಯಾರೂ ಇಲ್ಲ, ಇದೆಲ್ಲ ನಿನ್ನಿಂದ, ಎಂದಳು, ಹಿಲ್ಡೆಗುಂಡ್, ನಿನ್ನಿಂದ — ನೂರನಾಲ್ಕು, ಹತ್ತನೆಯದು. ಹದಿಮೂರು. ಹನ್ನೆರಡು. ಮುಗಿಯಿತು.

ಎಂಟೂವರೆಗೆ ಮಾರ್ಲಿಸ್ ಲಕೋಟೆ ತಂದಳು, ಹಿಂದೆಯೇ ಟಿಲ್ಮನ್, ಹೆಲ್ಮೆಟ್ ಇಲ್ಲ, ಕೂದಲು ಕೆದರಿದೆ, ಮುಖದಲ್ಲಿ ರಕ್ತವಿಲ್ಲ, ಕೇಕ್ ಎಲ್ಲಿ, ಅದು ನಾಳೆ, ಇವತ್ತು ಬರೀ ಅಂಕಿ, ಅಯ್ಯೋ ಹಾಗಾದ್ರೆ ನಾಳೆನೇ ಲಕೋಟೆ ತರ್ತೀನಿ ಎಂದ ಮಾರ್ಲಿಸ್‌ಳ ಕೈಯಿಂದ ಟಿಲ್ಮನ್ ಅದನ್ನು ಕಿತ್ತುಕೊಂಡು, ಬಿಚ್ಚಿ, ರೋಸ್ವಿಟಾಳ ಪಟ್ಟಿಯ ಪಕ್ಕ ಇಟ್ಟ, ಒಂದು, ಎರಡು, ಮೂರು, ನಾಲ್ಕು, ಆರು, ಹತ್ತು ಮಾಮೂಲು, ಉಳಿದ ಆರೂ ಉಂಗುರ ಕಡಿಮೆಯವು, ಒಂದೂ ಅದಲುಬದಲಾಗಿಲ್ಲ, ಕ್ಯಾಲ್ಕುಲೇಟರ್ ಒತ್ತಿದ, ಮತ್ತೆ ಒತ್ತಿದ, ಎಂಟು ಪಟ್ಟು, ಎಂದ, ಎಂಟು ಚಿಲ್ಲರೆ, ನೂರಿಪ್ಪತ್ತಲ್ಲ, ಎಂಟು, ರೋಸಿ ಇದು ಸಣ್ಣದು, ಸಣ್ಣದಾದ್ರೆ ಏನಾಯ್ತು ಎಂದಳು ಮಾರ್ಲಿಸ್, ನಿಂತಿದೆಯಲ್ಲ, ಅವನು ಕುರ್ಚಿಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ, ಅಳುತ್ತಿದ್ದಾನೋ ನಗುತ್ತಿದ್ದಾನೋ, ಹೆಗಲು ಅಲುಗುತ್ತಿದೆ, ನಂದು ಹೋಯ್ತು ಅಂದುಕೊಂಡಿದ್ದೆ, ಐದು ವಾರ ನಿದ್ದೆ ಮಾಡಿಲ್ಲ, ಗೊತ್ತು, ನಿನ್ನ ಮುಖ ನೋಡಿದ್ರೆ ಹಳದಿ ಬಾಟಲಿ ಥರಾನೇ ಇತ್ತು ಎಂದಳು ರೋಸ್ವಿಟಾ, ಅವನು ನಕ್ಕ, ನಕ್ಕು ಎದ್ದು ಬಂದು ಅವಳನ್ನು ತಬ್ಬಿಕೊಂಡ, ಗಡ್ಡ ಕಿವಿಗೆ ಚುಚ್ಚಿತು, ನಿಜಕ್ಕೂ ಗಡ್ಡವೇ, ಈ ಸಲ ಮುಖ ತೋರಿಸಿಯೇ ಥ್ಯಾಂಕ್ಸ್ ಎಂದ, ಅವಳು ಅವನ ಬೆನ್ನು ತಟ್ಟಿದಳು, ಇಬ್ಬರೂ ಹೋದರು, ತಟ್ಟೆಗಳನ್ನು ಈಗ ಚೀಲಕ್ಕೆ ತುಂಬಿ ಬಿಸಿ ಹಬೆಯಲ್ಲಿ ಬೇಯಿಸಿ ಎಸೆಯಬೇಕು, ಇಂದೇ, ನಿಯಮ ಅದು, ಹನ್ನೊಂದನ್ನು ಚೀಲಕ್ಕೆ ಹಾಕಿದಳು, ಐದನೆಯದನ್ನು ಮತ್ತೊಮ್ಮೆ ಬೆಳಕಿನ ಮೇಲಿಟ್ಟಳು, ಕೇಕಿನ ಒಲೆ, ಮಗಳ ಫೋನು, ನಾಳೆಯ ಭಾಷಣ, ಯಾವುದೂ ಮುಂದಕ್ಕೆ ಹೋಗುತ್ತಿಲ್ಲ, ಕಣ್ಣು ಅಲ್ಲೇ ನಿಂತಿದೆ, ಬಲ ಅಂಚಿನ ಹತ್ತಿರ, ಕೆಂಪಿನ ನಡುವೆ, ಒಂದು ತೂತು, ಅದರೊಳಗಿಂದ ಬೆಳಕು.

ಸೋಮವಾರ ಟಿಲ್ಮನ್ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ನೂರಿಪ್ಪತ್ತು ಎಂಬುದನ್ನು ಅಳಿಸಿ ಎಂಟು ಎಂದು ಬರೆದ.